ತೀರ ಕಾಣದವರ ಕಥೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ನಮ್ಮ ಕನ್ನಡ ಓದುಕೂಟದಲ್ಲಿ ಈ ಮಳೆಗಾಲವೂ ಕಡಲಿನಲ್ಲಿ ಸಿಕ್ಕಿಬಿದ್ದವರ ಕಥೆಗಳನ್ನೇ ಓದುತ್ತಿದ್ದೇವೆ. ಡೊಂಬಿವಲಿ, ಮೀರಾ ರೋಡ್, ಕೊಲಾಬಾಗಳಿಂದ ಭಾನುವಾರ ಬರುವವರು ಚಹಾದ ಹೊತ್ತಿಗೆ ಕೇಳುವ ಪ್ರಶ್ನೆಗಳೂ ಬರಲಾಗದವರು ಫೋನಿನಲ್ಲಿ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿಟ್ಟಿದ್ದೇನೆ. ಒಂದೆರಡು ಕಡೆ ಉತ್ತರ ಉದ್ದವಾಗಿದೆ, ಯಾಕೆಂದರೆ ಅಲ್ಲಿ ನನ್ನ ಮನೆಯ ಸಂಗತಿಯೂ ಸೇರಿಕೊಂಡಿದೆ.

ಓದಲಿಕ್ಕೆ ಎಷ್ಟೋ ಪುಸ್ತಕಗಳಿರುವಾಗ ಇವೇ ಯಾಕೆ?

ನಮ್ಮ ಕೂಟಕ್ಕೆ ಬರುವ ಜನರನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಮಲ್ಪೆ, ಉಚ್ಚಿಲ, ಕಾಪು, ಗಂಗೊಳ್ಳಿ ಕಡೆಯಿಂದ ಬಂದು ಇಲ್ಲಿನ ಮೀನಿನ ಬಂದರುಗಳಾದ ಸಸೂನ್ ಡಾಕಿನಲ್ಲೋ ಭಾವುಚಾ ಧಕ್ಕಾದಲ್ಲೋ ದುಡಿದವರ ಮಕ್ಕಳು, ಮೊಮ್ಮಕ್ಕಳು ನಮ್ಮಲ್ಲಿ ಬಹಳ. ನಮ್ಮ ಕರಾವಳಿಯ ಮೀನುಗಾರ ಸಮುದಾಯದ ಮೊಗವೀರ ವ್ಯವಸ್ಥಾಪಕ ಮಂಡಳಿ ಈ ಊರಿನಲ್ಲಿ ಹುಟ್ಟಿದ್ದು 1902ರಲ್ಲಿ. ನಮ್ಮ ಕರಾವಳಿಗೂ ಮುಂಬಯಿಯ ಕಡಲಿಗೂ ಇರುವ ನಂಟು ಅಷ್ಟು ಹಳೆಯದು. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಊರಿಗೆ ಹೋಗದೆ ಇಲ್ಲೇ ಉಳಿದವರು ಬಲೆಯ ಕೆಲಸ ಮುಗಿಸಿ ನಮ್ಮ ಜೊತೆ ಬಂದು ಕೂರುವುದು ಆಗಲೇ. ಕಡಲಿನ ಕಥೆಯನ್ನು ಕಡಲು ಕಂಡವರ ಎದುರು ಓದುವುದರಲ್ಲಿ ಒಂದು ಭಯ ಇದೆ, ಒಂದು ಸುಖವೂ ಇದೆ.

ಇನ್ನರ್ಧ ಉತ್ತರ 2005ರ ಜುಲೈ 26ರದ್ದು. ಅಂದು ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಸಯನ್ ದಾಟಿ ಕುರ್ಲಾ ಮುಟ್ಟುವ ಮೊದಲೇ ನಿಂತುಹೋದ ಲೋಕಲ್ ರೈಲಿನಲ್ಲಿ ನಾನಿದ್ದೆ. ಹಳಿ ಕಾಣುತ್ತಿರಲಿಲ್ಲ, ದೀಪ ಹೋಗಿತ್ತು. ರಾತ್ರಿ ಹತ್ತರ ಮೇಲೆ ಎದುರು ಸೀಟಿನ ಮರಾಠಿ ಅಜ್ಜಿಯೊಬ್ಬರು ತಾವು ಚಿಕ್ಕವರಿದ್ದಾಗ ಕೃಷ್ಣಾ ನದಿಯ ನೆರೆಯಲ್ಲಿ ಮಾಳಿಗೆ ಮೇಲೆ ಮೂರು ದಿನ ಕಳೆದದ್ದನ್ನು ಹೇಳತೊಡಗಿದರು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಕತ್ತಲಿನ ಬೇರೆ ಬೇರೆ ಮೂಲೆಯಿಂದ ‘ಪುಢೇ ಕಾಯ್ ಝಾಲಂ ಆಜೀ?’ ಎಂದು ಕೇಳುವವರು. ಆಮೇಲೆ ಏನಾಯಿತು ಎಂದು ಕೇಳುತ್ತ ಕೇಳುತ್ತ ನಾವು ಬೆಳಗು ಮಾಡಿದೆವು. ಅಂದಿನಿಂದ ಈ ಕಥೆಗಳನ್ನು ನಾನು ಬೇರೆಯೇ ರೀತಿ ಓದುತ್ತೇನೆ.

ರಾಬಿನ್‌ಸನ್ ಕ್ರೂಸೋನೇ ಇಂಥ ಕಥೆಗಳಿಗೆ ಮೊದಲಿಗನೇ?

ಅಲ್ಲ. ಹಡಗು ಒಡೆದು ದ್ವೀಪದಲ್ಲಿ ಒಬ್ಬನೇ ಉಳಿದವನ ಆ ಕಾದಂಬರಿಯನ್ನು ಡೇನಿಯಲ್ ಡಿಫೋ ಪ್ರಕಟಿಸಿದ್ದು 1719ರಲ್ಲಿ. ಅದಕ್ಕೂ ಐದು ಶತಮಾನಕ್ಕಿಂತ ಹಿಂದೆ, ಹನ್ನೆರಡನೇ ಶತಮಾನದಲ್ಲಿ, ಇಬ್ನ್ ತುಫೈಲ್ ಅರಬ್ಬಿಯಲ್ಲಿ ಬರೆದ ಕಥೆಯೊಂದಿದೆ. ನಿರ್ಜನ ದ್ವೀಪದಲ್ಲಿ ಜಿಂಕೆಯ ಹಾಲು ಕುಡಿದು ಬೆಳೆದ ಹುಡುಗ, ಯಾರೂ ಕಲಿಸದೆ, ಬರೀ ನೋಡಿ ಯೋಚಿಸಿ ದೇವರವರೆಗೆ ತಲುಪುತ್ತಾನೆ. ಸಿಂದಬಾದನಂತೂ ಏಳು ಸಲ ಕಡಲಿಗೆ ಹೋಗಿ, ಉಳಿದು ಬಂದು, ಮನೆಯಲ್ಲಿ ಕೂತು ಬಡ ಹಮಾಲಿಯೊಬ್ಬನಿಗೆ ಅದನ್ನೆಲ್ಲ ಹೇಳುತ್ತಾನೆ. ಬದುಕಿ ಬಂದವನಿಗೆ ಕೇಳುವವನೊಬ್ಬ ಬೇಕು ಎನ್ನುವುದು ಆಗಲೇ ಗೊತ್ತಿತ್ತು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ನಮ್ಮದೇ ಮಹಾಜನಕ ಜಾತಕ, ಬುದ್ಧನ ಹಿಂದಿನ ಜನ್ಮವೊಂದರ ಕಥೆ. ಸುವರ್ಣಭೂಮಿಗೆ ಹೊರಟ ಹಡಗು ಮುಳುಗುತ್ತಿದೆ. ಜನ ಅಳುತ್ತಿದ್ದಾರೆ, ತಮ್ಮ ತಮ್ಮ ದೇವರನ್ನು ಕೂಗುತ್ತಿದ್ದಾರೆ. ಮಹಾಜನಕ ಮಾತ್ರ ತುಪ್ಪ ಸಕ್ಕರೆ ಹೊಟ್ಟೆ ತುಂಬ ತಿಂದು, ಬಟ್ಟೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಉಟ್ಟು, ಕೂವೆಮರ ಹಿಡಿದು ನಿಲ್ಲುತ್ತಾನೆ. ಆಮೇಲೆ ಏಳು ದಿನ ಈಜು. ಏಳನೆಯ ದಿನ ಉಪೋಸಥ (ಬೌದ್ಧರ ವ್ರತದ ದಿನ) ಎಂದು ನೆನಪಾಗಿ, ಉಪ್ಪುನೀರಿನಿಂದಲೇ ಬಾಯಿ ತೊಳೆದು ವ್ರತ ಹಿಡಿಯುತ್ತಾನೆ! ಕಡಲಿನ ದೇವತೆ ಮಣಿಮೇಖಲೆ ಬಂದು ‘ತೀರವೇ ಕಾಣದಲ್ಲ, ಯಾಕೆ ಕೈಕಾಲು ಬಡಿಯುತ್ತೀ?’ ಎಂದು ಕೇಳಿದಾಗ, ಪ್ರಯತ್ನ ಮಾಡಿ ಸತ್ತವನಿಗೆ ಬಂಧುಗಳ ಋಣವೂ ದೇವತೆಗಳ ಋಣವೂ ಉಳಿಯುವುದಿಲ್ಲ ಎಂಬರ್ಥದ ಉತ್ತರ ಕೊಡುತ್ತಾನೆ. ಎಣ್ಣೆ ಹಚ್ಚಿದ ಬಟ್ಟೆಯೂ ವ್ರತವೂ ಒಬ್ಬನೇ ಮನುಷ್ಯನ ಮೈಮೇಲೆ ಇವೆ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವುದರ ಬಹುಪಾಲು ಆ ಚಿತ್ರದಲ್ಲೇ ಇದೆ.

ಕನ್ನಡದಲ್ಲಿ?

ಕುವೆಂಪು ‘ಬಿರುಗಾಳಿ’ಯಲ್ಲಿ ಷೇಕ್ಸ್‌ಪಿಯರನ ದ್ವೀಪವನ್ನು ಕನ್ನಡಕ್ಕೆ ತಂದರು. ಆದರೆ ನನ್ನ ಲೆಕ್ಕದಲ್ಲಿ ನಮ್ಮ ನಿಜವಾದ ದ್ವೀಪದ ಕಥೆ ಕಡಲಿನದ್ದಲ್ಲ, ಶರಾವತಿಯದು: ನಾ. ಡಿಸೋಜ ಅವರ ‘ದ್ವೀಪ’. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುತ್ತ ಏರುತ್ತ ಒಂದು ಮನೆ ತನ್ನ ನೆಲದಲ್ಲೇ ಸುತ್ತುವರಿಯಲ್ಪಡುತ್ತದೆ. ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದಾಗ ಒಂದು ಮಾತನ್ನು ಬಹಳ ಗಟ್ಟಿಯಾಗಿ ಹಿಡಿದರು. ಮನೆಯನ್ನು ಉಳಿಸಲು ಹಗಲು ರಾತ್ರಿ ಒದ್ದಾಡಿದವಳು ನಾಗಿ. ನೀರು ಇಳಿದ ಮೇಲೆ ಗಂಡ ಗಣಪ ಅದರ ಶ್ರೇಯಸ್ಸನ್ನು ದೇವರಿಗೆ ಕೊಡುತ್ತಾನೆ. ನಾಗಿಯ ಮುಖ ಆಗ ಹೇಗಾಗಿತ್ತು ಎಂಬುದನ್ನು ನೋಡಿದವರು ಮರೆಯುವುದಿಲ್ಲ. ನಂಬಿಕೆಯ ಬಗ್ಗೆ ಮಾತಾಡುವಾಗೆಲ್ಲ ಆ ಮುಖವನ್ನು ನಾನು ಎದುರಿಗೆ ಇಟ್ಟುಕೊಳ್ಳುತ್ತೇನೆ.

ಉಡುಪಿಯ ಕೃಷ್ಣನೇ ಕಷ್ಟಕ್ಕೆ ಸಿಕ್ಕ ಹಡಗಿನಿಂದ ಬಂದವನಲ್ಲವೇ? ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿಗೆ ಮಧ್ವಾಚಾರ್ಯರು ತಮ್ಮ ಬಟ್ಟೆ ಬೀಸಿ ದಾರಿ ತೋರಿಸಿದರು, ನಾವಿಕ ಏನು ಬೇಕು ಕೇಳಿ ಎಂದಾಗ ಗೋಪೀಚಂದನದ ಗಡ್ಡೆ ಸಾಕೆಂದರು, ಅದರೊಳಗೆ ಮೂರ್ತಿ ಇತ್ತು. ಈ ಕಥೆ ಕೇಳದೆ ನಮ್ಮ ಕಡೆ ಯಾರೂ ದೊಡ್ಡವರಾಗುವುದಿಲ್ಲ.

ಪೈ ಪಟೇಲ್ ಮತ್ತು ಹುಲಿಯ ಕಥೆ ನಿಜವಾಗಿ ನಡೆದದ್ದೇ?

ಇಲ್ಲ. ‘ಲೈಫ್ ಆಫ್ ಪೈ’ ಕಾದಂಬರಿ. ಯಾನ್ ಮಾರ್ಟೆಲ್ ಬರೆದದ್ದು, 2001ರಲ್ಲಿ ಬಂದು 2002ರ ಬುಕರ್ ಪಡೆಯಿತು. ಪುದುಚೇರಿಯ ಹದಿನಾರರ ಹುಡುಗ, ಜೀವರಕ್ಷಕ ದೋಣಿಯಲ್ಲಿ ಬಂಗಾಳದ ಹುಲಿಯ ಜೊತೆ 227 ದಿನ ಕಳೆದು ಮೆಕ್ಸಿಕೋ ತೀರ ಸೇರುತ್ತಾನೆ. ಹುಲಿಯ ಹೆಸರು ರಿಚರ್ಡ್ ಪಾರ್ಕರ್. ಆ ಹೆಸರಿನ ಮನುಷ್ಯ ಮಾತ್ರ ನಿಜವಾಗಿಯೂ ಇದ್ದ. ಅವನ ವಿಷಯ ಕೆಳಗೆ ಬರುತ್ತದೆ.

ಒಬ್ಬನೇ ಹುಡುಗ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಆಗುವುದು ಕೃತಕ ಅನ್ನಿಸುವುದಿಲ್ಲವೇ?

ಈ ಪ್ರಶ್ನೆಯನ್ನು ಮುಂಬಯಿಯಲ್ಲಿ ಕೂತು ಕೇಳಿದಾಗ ನಾನು ಮೂರು ಕಡೆ ಕೈ ತೋರಿಸುತ್ತೇನೆ. ಮಹಾಲಕ್ಷ್ಮಿ ದೇವಸ್ಥಾನದ ಮೂರ್ತಿಗಳು ವರ್ಲಿಯ ಹತ್ತಿರ ಕಡಲಿನಿಂದ ಎತ್ತಿದ್ದು ಎನ್ನುವ ಐತಿಹ್ಯವಿದೆ. ಒಡ್ಡು ಕಟ್ಟಿದಷ್ಟೂ ಕುಸಿಯುತ್ತಿತ್ತು, ದೇವಿ ಕನಸಿನಲ್ಲಿ ಬಂದು ತಾನಿರುವ ಜಾಗ ಹೇಳಿದಳು, ಆಮೇಲೆ ಒಡ್ಡು ನಿಂತಿತು ಎನ್ನುತ್ತಾರೆ. ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಹಾಜಿ ಅಲಿ ದರ್ಗಾ. ಆ ಸಂತರ ಪೆಟ್ಟಿಗೆ ಕಡಲಿನಲ್ಲಿ ತೇಲಿಬಂದು ಅದೇ ಬಂಡೆಯ ಹತ್ತಿರ ನಿಂತಿತು ಎಂಬ ನಂಬಿಕೆ. ಬಾಂದ್ರಾದ ಮೌಂಟ್ ಮೇರಿಯಲ್ಲಿ ಮೇರಿ ಮಾತೆಯ ಪ್ರತಿಮೆ ಕೋಳಿ ಸಮುದಾಯದ ಮೀನುಗಾರನಿಗೆ ನೀರಿನಲ್ಲಿ ಸಿಕ್ಕಿತು ಎಂಬ ಕಥೆ. ಮೂವರೂ ಈ ಊರಿಗೆ ತೇಲುತ್ತ ಬಂದು ದಡ ಹತ್ತಿದವರೇ.

ನಮ್ಮ ಊರಿನ ಕಡೆ ಇನ್ನೂ ಒಂದು ಹೆಜ್ಜೆ ಮುಂದೆ. ಮೊಗವೀರರು ಕಡಲಿಗೆ ಇಳಿಯುವಾಗ ನೆನೆಯುವ ಬೊಬ್ಬರ್ಯ ದೈವ, ಪಾಡ್ದನದ (ತುಳುವಿನ ಹಾಡುಗಥೆಯ) ಪ್ರಕಾರ, ಮುಸ್ಲಿಂ ವ್ಯಾಪಾರಿಯ ಮಗ, ತಾಯಿ ಜೈನ ಮನೆತನದವಳು. ಹಡಗು ಕಟ್ಟಿ ವ್ಯಾಪಾರಕ್ಕೆ ಹೋದವನು ಕಡಲಿನಲ್ಲೇ ಮಡಿದು ದೈವವಾದ. ಅವನಿಗೆ ಪೂಜೆ ಕೊಡುವವರು ಹಿಂದೂಗಳು. ನೀರಿನ ಮೇಲೆ ಇದ್ದವನಿಗೆ ಯಾರು ಕಾಯುತ್ತಾರೆ ಎಂಬುದು ಮುಖ್ಯ, ಕಾಯುವವನು ಯಾವ ಮನೆಯವನು ಎಂಬುದು ಅಷ್ಟು ಮುಖ್ಯವಲ್ಲ. ಹಾಗಾಗಿ ಪೈ ಮೂರೂ ಕಡೆ ಕೈಮುಗಿಯುವುದು ನನಗೆ ಒಂದು ದಿನವೂ ಕೃತಕ ಅನ್ನಿಸಿಲ್ಲ.

ಜೀವ ಉಳಿಸುವುದು ನಂಬಿಕೆಯೋ, ನೀರೋ?

ನೀರು. ಇದರಲ್ಲಿ ಎರಡು ಮಾತಿಲ್ಲ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ಮೂತ್ರಪಿಂಡ ಅಷ್ಟು ಉಪ್ಪನ್ನು ಹೊರಹಾಕಬೇಕಾದರೆ ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಮೈಯಿಂದ ತೆಗೆಯಬೇಕು. ಅಂದರೆ ಕುಡಿದಷ್ಟೂ ಬಾಯಾರಿಕೆ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂದು ಕೈಕಟ್ಟಿ ಕೂತವನು ಬಿಸಿಲಿನ ಕಡಲಿನಲ್ಲಿ ಮೂರು ನಾಲ್ಕು ದಿನ ದಾಟುವುದು ಕಷ್ಟ.

ಆದರೆ ಉಳಿದು ಬಂದವರ ವಿವರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. 1942ರ ನವೆಂಬರಿನಲ್ಲಿ ಟಾರ್ಪಿಡೊ ಏಟಿಗೆ ಮುಳುಗಿದ ಬ್ರಿಟಿಷ್ ಹಡಗಿನ ಚೀನೀ ನಾವಿಕ ಪೂನ್ ಲಿಮ್ ಅಟ್ಲಾಂಟಿಕ್‌ನಲ್ಲಿ ಒಂದು ತೆಪ್ಪದ ಮೇಲೆ ಒಬ್ಬನೇ 133 ದಿನ ಬದುಕಿದ. ಕ್ಯಾನ್ವಾಸಿನಲ್ಲಿ ಮಳೆನೀರು ಹಿಡಿದ, ಟಾರ್ಚಿನ ತಂತಿ ಬಗ್ಗಿಸಿ ಗಾಳ ಮಾಡಿದ, ಹಗ್ಗದ ಎಳೆ ಬಿಡಿಸಿ ದಾರ ಹೊಸೆದ. 1982ರಲ್ಲಿ 76 ದಿನ ಅಟ್ಲಾಂಟಿಕ್‌ನಲ್ಲಿ ತೇಲಿದ ಸ್ಟೀವನ್ ಕ್ಯಾಲಹನ್ ಬಿಸಿಲಿನಿಂದ ಉಪ್ಪುನೀರು ಬಟ್ಟಿ ಇಳಿಸುವ ಚೀಲಗಳನ್ನು ದಿನವೂ ತೇಪೆ ಹಾಕುತ್ತ ಕೂತ. ಇವರೆಲ್ಲ ಬೆಳಿಗ್ಗೆ ಎದ್ದ ಕೂಡಲೇ ಮಾಡಲು ಒಂದು ಕೆಲಸ ಇಟ್ಟುಕೊಂಡಿದ್ದರು. ಇಂದು ಸಂಜೆ ದಾರ ಹೊಸೆಯುವವನು ನಾಳೆ ಬೆಳಿಗ್ಗೆ ಮೀನು ಬರುತ್ತದೆ ಎಂದು ನಂಬಿಯೇ ಹೊಸೆಯುತ್ತಾನೆ. ನಂಬಿಕೆ ಎಂದಾಗ ನನ್ನ ಕಣ್ಣಮುಂದೆ ಬರುವುದು ಮುಗಿದ ಕೈಯಲ್ಲ, ದಾರ ಹೊಸೆಯುವ ಕೈ.

ಕ್ರೂಸೋ ಕಥೆಯಲ್ಲಿ ಇದರ ಬಗ್ಗೆ ಒಂದು ಅಪರೂಪದ ಜಾಗವಿದೆ. ಒಂದು ದಿನ ಬಂಡೆಯ ನೆರಳಿನಲ್ಲಿ ಬಾರ್ಲಿ ಮೊಳೆತದ್ದನ್ನು ನೋಡಿ, ಇದು ದೇವರ ಪವಾಡ ಎಂದು ಅವನ ಕಣ್ಣು ತುಂಬುತ್ತದೆ. ಸ್ವಲ್ಪ ಹೊತ್ತಿಗೆ, ಕೋಳಿಕಾಳಿನ ಹಳೇ ಚೀಲವನ್ನು ತಾನೇ ಅಲ್ಲಿ ಕೊಡವಿದ್ದು ನೆನಪಾಗುತ್ತದೆ. ಕೃತಜ್ಞತೆ ತಣ್ಣಗಾಗುತ್ತದೆ. ಆಮೇಲೆ ಮತ್ತೆ ಯೋಚಿಸುತ್ತಾನೆ: ಇಲಿಗಳು ಎಲ್ಲ ತಿಂದು ಹತ್ತು ಹನ್ನೆರಡು ಕಾಳು ಬಿಟ್ಟವಲ್ಲ, ತಾನು ಅದನ್ನು ಬಿಸಿಲಿಗೆ ಎಸೆಯದೆ ನೆರಳಿಗೇ ಕೊಡವಿದೆನಲ್ಲ, ಅದು ಮೇಲಿನಿಂದ ಬಿದ್ದದ್ದಕ್ಕಿಂತ ಕಡಿಮೆಯೇ? ಈ ಮೂರು ಮೆಟ್ಟಿಲನ್ನು ನೆನಪಿಡಿ. ನನ್ನ ಮಾವನ ಕಥೆಗೆ ಬೇಕಾಗುತ್ತದೆ.

ಒಂಟಿಯಾಗಿ ಬದುಕಿದವನಿಗೆ ಕಥೆಯಿಂದ ಏನು ಉಪಯೋಗ? ಕೇಳುವವರೇ ಇಲ್ಲವಲ್ಲ.

ಕ್ರೂಸೋ ಕಥೆಗೆ ಪ್ರೇರಣೆ ಎನ್ನಲಾಗುವ ಅಲೆಕ್ಸಾಂಡರ್ ಸೆಲ್ಕರ್ಕ್ 1704ರಿಂದ 1709ರವರೆಗೆ ಚಿಲಿ ದೇಶದ ಆಚೆಗಿನ ದ್ವೀಪದಲ್ಲಿ ಒಬ್ಬನೇ ಇದ್ದ, ನಾಲ್ಕು ವರ್ಷ ನಾಲ್ಕು ತಿಂಗಳು. ಅವನನ್ನು ಹತ್ತಿಸಿಕೊಂಡ ಹಡಗಿನ ನಾಯಕ, ಇವನ ಮಾತು ಅರ್ಧರ್ಧವಾಗಿ ಬರುತ್ತಿತ್ತು ಎಂದು ಬರೆದಿದ್ದಾನೆ. ಬೈಬಲನ್ನು ಗಟ್ಟಿಯಾಗಿ ಓದಿಕೊಳ್ಳುತ್ತ, ಕೀರ್ತನೆ ಹಾಡುತ್ತ ಇದ್ದವನ ಸ್ಥಿತಿಯೇ ಹೀಗೆ. ಮಾತು ಬಳಸದಿದ್ದರೆ ಹಲ್ಲಿನ ಹಾಗೆ ಒಂದೊಂದಾಗಿ ಉದುರುತ್ತದೆ. ಮುಂಬಯಿಗೆ ಬಂದ ಹೊಸತರಲ್ಲಿ, ರೂಮಿನಲ್ಲಿ ಕನ್ನಡದವರು ಯಾರೂ ಇಲ್ಲದೆ ತಿಂಗಳುಗಟ್ಟಲೆ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಲ್ವಡಾರ್ ಅಲ್ವರೆಂಗಾ ಎಂಬ ಮೀನುಗಾರ 2012ರ ನವೆಂಬರಿನಲ್ಲಿ ಮೆಕ್ಸಿಕೋದಿಂದ ಹೊರಟು, 438 ದಿನ ತೇಲಿ, 2014ರ ಜನವರಿ ಕೊನೆಗೆ ಮಾರ್ಷಲ್ ದ್ವೀಪಗಳನ್ನು ಮುಟ್ಟಿದ. ಜೊತೆಗಿದ್ದ ಹುಡುಗ ದಾರಿಯಲ್ಲೇ ತೀರಿಕೊಂಡ. ಆ ಹೆಣದ ಜೊತೆ ಅಲ್ವರೆಂಗಾ ಆರು ದಿನ ಮಾತಾಡಿದ, ಆಮೇಲೆ ಕಡಲಿಗೆ ಬಿಟ್ಟ. ಬದುಕಿ ಬಂದ ಮೇಲೆ ಆ ಹುಡುಗನ ತಾಯಿಯನ್ನು ಹುಡುಕಿಕೊಂಡು ಹೋದ. ಕೇಳಬೇಕಾದವಳು ಒಬ್ಬಳು ದಡದಲ್ಲಿ ಇದ್ದಾಳೆ ಎಂದರೆ ದಡಕ್ಕೆ ಹೋಗಲೇಬೇಕಾಗುತ್ತದೆ.

ಹುಲಿ ಯಾಕೆ ಬೇಕಿತ್ತು?

ಹೆದರಿಕೆ ಇದ್ದವನು ಎಚ್ಚರ ಇರುತ್ತಾನೆ. ಹುಲಿಗೆ ನೀರು, ಮೀನು ಕೊಡಬೇಕಾದ ಕಾರಣಕ್ಕೇ ಪೈ ನೀರು, ಮೀನು ಹುಡುಕುತ್ತಾನೆ. ಹುಲಿ ಇಲ್ಲದಿದ್ದರೆ ತಾನು ಉಳಿಯುತ್ತಿರಲಿಲ್ಲ ಎಂದು ಅವನೇ ಒಪ್ಪುತ್ತಾನೆ.

ಇನ್ನೊಂದು ಮಾತೂ ಇದೆ. ಉಡುಪಿಯಲ್ಲಿ ಅಷ್ಟಮಿಯ ಹುಲಿವೇಷ ನೋಡಿದವರು ನೆನಪು ಮಾಡಿಕೊಳ್ಳಿ. ಬಣ್ಣದೊಳಗೆ ಇರುವವನು ಪಕ್ಕದ ಮನೆಯ ಅಣ್ಣ ಎಂದು ಮಗುವಿಗೆ ಚೆನ್ನಾಗಿ ಗೊತ್ತು, ಬೆಳಿಗ್ಗೆ ಅವನು ಬಣ್ಣ ಹಚ್ಚಿಸಿಕೊಳ್ಳುವುದನ್ನು ನೋಡಿಯೇ ಬಂದಿರುತ್ತದೆ. ತಾಸೆ ಬಡಿದು ಹುಲಿ ಮುಂದೆ ಹಾರಿದ ಕೂಡಲೇ ಅದೇ ಮಗು ಚೀರಿ ಅಮ್ಮನ ಸೆರಗು ಹಿಡಿಯುತ್ತದೆ. ಅಣ್ಣನೂ ನಿಜ, ಹುಲಿಯೂ ನಿಜ. ಪೈ ಹೇಳುವ ಎರಡನೆಯ ಕಥೆಯಲ್ಲಿ ಪ್ರಾಣಿಗಳಿಲ್ಲ, ಮನುಷ್ಯರಿದ್ದಾರೆ, ಹುಲಿಯ ಜಾಗದಲ್ಲಿ ಅವನೇ ಇದ್ದಾನೆ. ಅಲ್ಲಿಗೆ ಬಂದಾಗ ನನಗೆ ಆ ತಾಸೆಯ ಸದ್ದು ಕೇಳುತ್ತದೆ.

ಹಾಗಾದರೆ ಎರಡು ಕಥೆಗಳಲ್ಲಿ ಯಾವುದು ನಿಜ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಮುಳುಗಿದ ಜಪಾನೀ ಹಡಗಿನ ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ ಪೈ ಎರಡನ್ನೂ ಇಟ್ಟು, ಯಾವುದು ಚೆನ್ನಾಗಿದೆ ಎಂದು ಕೇಳುತ್ತಾನೆ. ‘ಚೆನ್ನಾಗಿರುವುದನ್ನು ಆರಿಸಿಕೋ, ನಿಜ ಯಾರಿಗೆ ಬೇಕು’ ಎಂದು ಪುಸ್ತಕ ಹೇಳುತ್ತಿದೆ ಎಂದು ಹಲವರು ಓದುತ್ತಾರೆ. ಆ ಓದನ್ನು ನಾನು ಒಪ್ಪುವುದಿಲ್ಲ. ಯಾಕೆಂದು ಹೇಳಲು ನನ್ನ ಮಾವನನ್ನು ಕರೆಯಬೇಕು.

ನನ್ನ ಸೋದರಮಾವ, ತುಳುವಿನಲ್ಲಿ ನಾವು ತಮ್ಮಲೆ ಅನ್ನುತ್ತೇವೆ, ಸಸೂನ್ ಡಾಕಿನಿಂದ ಹೊರಡುವ ಬೋಟೊಂದರಲ್ಲಿ ತಾಂಡೇಲರಾಗಿದ್ದರು, ಅಂದರೆ ಬೋಟು ನಡೆಸುವ ನಾಯಕರು. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ನಡುಗಡಲಿನಲ್ಲಿ ಅವರ ಎಂಜಿನ್ ಕೆಟ್ಟಿತು. ವಯರ್‌ಲೆಸ್ ಇರಲಿಲ್ಲ. ಏಳು ಜನ, ಆರು ರಾತ್ರಿ.

ಪ್ರತಿ ವರ್ಷ ಊರಿನಲ್ಲಿ ಬೊಬ್ಬರ್ಯನ ಸೇವೆಯ ದಿನ ತಮ್ಮಲೆಯ ಬಾಯಿಂದ ನಾವು ಕೇಳುತ್ತಿದ್ದ ಕಥೆ ಇದು. ಎರಡನೆಯ ದಿನಕ್ಕೆ ನೀರಿನ ಡ್ರಮ್ಮು ಬರಿದಾಯಿತು. ಕರಗಿದ ಐಸಿನ ನೀರನ್ನು ಲುಂಗಿಯಲ್ಲಿ ಸೋಸಿ ಕುಡಿದರು. ಅದರಲ್ಲಿ ಮೀನಿನ ಲೋಳೆ, ಡೀಸೆಲ್, ಎಲ್ಲರಿಗೂ ವಾಂತಿ. ನಾಲ್ಕನೆಯ ಬೆಳಿಗ್ಗೆ ತಮ್ಮಲೆ ಬೊಬ್ಬರ್ಯನನ್ನು ನೆನೆದು, ಸುಮ್ಮನೆ ಕೈಗೆ ಬಂದ ಹಲಗೆಯೊಂದನ್ನು ಎತ್ತಿದರು. ಕೆಳಗೆ ಕಂಠಮಟ್ಟ ತುಂಬಿದ ನೀರಿನ ಕ್ಯಾನು. ಅದನ್ನು ಅಲ್ಲಿ ಇಟ್ಟವರು ಯಾರೂ ಇಲ್ಲ. ಮುಚ್ಚಳದಲ್ಲಿ ಅಳೆದು ಹಂಚಿದರು. ಮೈಗೆ ಜೀವ ಬಂತು, ಟಾರ್ಪಾಲನ್ನು ಹಾಯಿಯ ಹಾಗೆ ಕಟ್ಟಿದರು, ಏಳನೆಯ ಬೆಳಿಗ್ಗೆ ವೆರಾವಳದ ಬೋಟೊಂದರ ಕಣ್ಣಿಗೆ ಬಿದ್ದರು. ‘ಬೊಬ್ಬರ್ಯ ಕೊಟ್ಟ ನೀರು’ ಎಂದು ತಮ್ಮಲೆ ಹೇಳಿದಾಗ ಹೆಂಗಸರು ಕಣ್ಣೊರೆಸಿಕೊಳ್ಳುವರು.

ಇನ್ನೊಂದು ಕಥೆಯನ್ನು ಅವರು ಹೇಳಿದ್ದು ಒಂದೇ ಸಲ, ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆಯ ಮಂಚದ ಮೇಲೆ, ನನ್ನೊಬ್ಬನಿಗೆ. ಎಂಜಿನ್ ಕೆಟ್ಟ ರಾತ್ರಿಯೇ ಆ ಕ್ಯಾನನ್ನು ಹಲಗೆಯಡಿ ಅಡಗಿಸಿದ್ದು ಅವರೇ. ‘ತಾಂಡೇಲ ಸತ್ತರೆ ಬೋಟೇ ಸತ್ತ ಹಾಗೆ, ಅಂತ ನನಗೆ ನಾನೇ ಹೇಳಿಕೊಂಡೆ ಮಗಾ.’ ಎರಡು ರಾತ್ರಿ, ಉಳಿದವರಿಗೆ ಬೆನ್ನು ಹಾಕಿ ಕೂತು, ಗುಟುಕು ಗುಟುಕು ಕುಡಿದರು. ಮೂರನೆಯ ರಾತ್ರಿ ಪಕ್ಕದಲ್ಲಿ ಮಲಗಿದ್ದ ಕಲಾಸಿ (ಬೋಟಿನ ಕೆಲಸದಾಳು), ಹದಿನಾರು ಹದಿನೇಳರ ಹುಡುಗ, ಇಬ್ಬನಿಗೆ ತೊಯ್ದ ಹಗ್ಗವನ್ನು ಚೀಪುತ್ತಿದ್ದ. ಆ ಚೀಪುವ ಸದ್ದು ಬೆಳಗಿನವರೆಗೂ ನಿಲ್ಲಲಿಲ್ಲವಂತೆ. ಬೆಳಕು ಹರಿಯುತ್ತಲೇ ತಮ್ಮಲೆ ಹಲಗೆ ಎತ್ತಿದರು. ‘ಸಿಕ್ಕಿತು ಅಂತ ಮಾತ್ರ ನಾನು ಅಂದದ್ದು. ಬೊಬ್ಬರ್ಯ ಕೊಟ್ಟ ಅಂದವನು ಆ ಹುಡುಗ. ನಾನು ಅಲ್ಲ ಅನ್ನಲಿಲ್ಲ.’ ತನ್ನ ಕಾಲವಾದ ಮೇಲೆ ಯಾರಿಗೆ ಬೇಕಾದರೂ ಹೇಳು ಎಂದರು.

ಎರಡರಲ್ಲಿ ಯಾವುದು ಸುಳ್ಳು? ನಡೆದದ್ದು ಎರಡನೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಮೊದಲನೆಯದನ್ನು ಅವರು ವರ್ಷ ವರ್ಷವೂ ಹೇಳಿದ್ದು ಹೆಮ್ಮೆಗಲ್ಲ. ಆ ಕಥೆಯಲ್ಲಿ ಅವರು ಏನೂ ಮಾಡುವುದಿಲ್ಲ, ನೋಡಿ. ಹಲಗೆ ಎತ್ತುತ್ತಾರೆ ಅಷ್ಟೇ. ಇನ್ನೊಂದನ್ನು ಅವರು ಮರೆತೂ ಇರಲಿಲ್ಲ, ಹೊತ್ತುಕೊಂಡೇ ಇದ್ದರು. ಪೈ ಕೂಡ ಹಾಗೆಯೇ. ಪ್ರಾಣಿಗಳಿಲ್ಲದ ಕಥೆಯನ್ನು ಅವನು ಬಾಯಿಬಿಟ್ಟು, ಪೂರ್ತಿಯಾಗಿ, ಒಮ್ಮೆ ಹೇಳುತ್ತಾನೆ. ಕಠಿಣವಾದದ್ದನ್ನು ಹೇಳಿದ ಬಾಯಿಗೆ ಮಾತ್ರ ಹುಲಿಯ ಕಥೆ ಹೇಳುವ ಹಕ್ಕಿದೆ ಎಂಬುದು ನನ್ನ ಓದು.

ಅದು ಸುಳ್ಳಿಗೆ ಬಾಗಿಲು ತೆರೆದ ಹಾಗಲ್ಲವೇ?

ಯಾರನ್ನು ಕಾಪಾಡಲು ಕಥೆ ಕಟ್ಟುತ್ತಿದ್ದಾರೆ ಎಂಬುದನ್ನು ನೋಡಬೇಕು. 1955ರಲ್ಲಿ ಕೊಲಂಬಿಯಾದ ನೌಕಾಪಡೆಯ ಹಡಗಿನಿಂದ ಎಂಟು ಜನ ಕಡಲಿಗೆ ಬಿದ್ದರು. ಲೂಯಿಸ್ ಅಲೆಹಾಂದ್ರೋ ವೆಲಾಸ್ಕೋ ಒಬ್ಬನೇ ಹತ್ತು ದಿನ ತೆಪ್ಪದಲ್ಲಿ ತೇಲಿ ಬದುಕಿ ಬಂದ. ಹಡಗು ಬಿರುಗಾಳಿಗೆ ಸಿಕ್ಕಿತ್ತು ಎಂದು ಸರಕಾರ ಹೇಳಿತು. ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಎಂಬ ಯುವ ಪತ್ರಕರ್ತ ಅವನನ್ನು ಕೂರಿಸಿಕೊಂಡು ಕೇಳಿ ಕೇಳಿ ಪತ್ರಿಕೆಯಲ್ಲಿ ಕಂತು ಕಂತಾಗಿ ಬರೆದಾಗ ಹೊರಬಿದ್ದದ್ದು ಬೇರೆ. ಬಿರುಗಾಳಿಯೇ ಇರಲಿಲ್ಲ; ಡೆಕ್ಕಿನ ಮೇಲೆ ಕಟ್ಟಿದ್ದ ಕಳ್ಳಸಾಗಣೆಯ ಸರಕು ಸಡಿಲವಾಗಿ ಜನರನ್ನು ಕಡಲಿಗೆ ತಳ್ಳಿತ್ತು. ಬಲಶಾಲಿಗಳು ತಮ್ಮ ತಪ್ಪು ಮುಚ್ಚಲು ಕಟ್ಟಿದ ಆ ಬಿರುಗಾಳಿಯನ್ನು ನಾನು ಕಥೆ ಎಂದು ಕರೆಯಲಾರೆ.

ಮನುಷ್ಯ ಮನುಷ್ಯನನ್ನು ತಿಂದ ಪ್ರಸಂಗಗಳನ್ನೂ ಓದಲೇಬೇಕೇ?

ಬೇಡವೆಂದವರು ಆ ಭಾನುವಾರ ಬರದಿರಬಹುದು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಅದನ್ನು ಬಿಟ್ಟು ಪೈ ಕಥೆ ಅರ್ಥವಾಗುವುದಿಲ್ಲ. 1884ರಲ್ಲಿ ಮಿನ್ಯೊನೆಟ್ ಎಂಬ ಇಂಗ್ಲಿಷ್ ಹಾಯಿನೌಕೆ ಮುಳುಗಿತು. ದೋಣಿಯಲ್ಲಿ ನಾಲ್ವರು, ತಿನ್ನಲು ಎರಡು ಡಬ್ಬಿ ಟರ್ನಿಪ್ಪು, ಆಮೇಲೆ ಸಿಕ್ಕ ಒಂದು ಆಮೆ. ಕಡಲಿನ ನೀರು ಕುಡಿದು ಪ್ರಜ್ಞೆ ತಪ್ಪಿದ್ದ ಹದಿನೇಳರ ಹುಡುಗನನ್ನು ಕೊಂದು ತಿಂದು ಉಳಿದ ಮೂವರು ಬದುಕಿದರು. ಕೊಂದ ಇಬ್ಬರಿಗೆ ಮರಣದಂಡನೆ ವಿಧಿಸಿ, ಆರು ತಿಂಗಳ ಸೆರೆಗೆ ಇಳಿಸಲಾಯಿತು. ನಮ್ಮ ಕಾನೂನು ಕಾಲೇಜುಗಳಲ್ಲಿ ಇಂದಿಗೂ ಆ ಮೊಕದ್ದಮೆ ಪಾಠ. ಸತ್ತ ಹುಡುಗನ ಹೆಸರು ರಿಚರ್ಡ್ ಪಾರ್ಕರ್. ಅದಕ್ಕೂ 46 ವರ್ಷ ಹಿಂದೆ, 1838ರಲ್ಲಿ, ಎಡ್ಗರ್ ಆಲನ್ ಪೋ ಬರೆದ ಕಾದಂಬರಿಯಲ್ಲಿ ಇದೇ ಗತಿ ಕಂಡ ಪಾತ್ರದ ಹೆಸರೂ ಅದೇ. ಮಾರ್ಟೆಲ್ ಆ ಹೆಸರನ್ನು ಹುಲಿಗೆ ಕೊಟ್ಟ. ದೋಣಿಯಲ್ಲಿ ಆಹಾರವಾದವನು ಈ ಸಲ ಎಲ್ಲರಿಗಿಂತ ಬಲಶಾಲಿಯಾಗಿ ಎದ್ದು ಕೂತಿದ್ದಾನೆ, ದಡ ಮುಟ್ಟಿದ ಮೇಲೆ ಹಿಂತಿರುಗಿ ನೋಡದೆ ಕಾಡಿಗೆ ನಡೆಯುತ್ತಾನೆ. ಇದನ್ನು ತಿಳಿದ ಮೇಲೆ ಆ ಹೆಸರನ್ನು ಹಗುರವಾಗಿ ಉಚ್ಚರಿಸಲು ನನ್ನಿಂದ ಆಗಿಲ್ಲ.

ಸಿನಿಮಾ ನೋಡಿದರೆ ಸಾಲದೇ?

ಆಂಗ್ ಲೀ 2012ರಲ್ಲಿ ಮಾಡಿದ ಚಿತ್ರ ನೋಡಲೇಬೇಕಾದದ್ದು. ಮೇಲೆ ಹೇಳಿದ ಕ್ಯಾಲಹನ್ ಅದಕ್ಕೆ ಸಲಹೆಗಾರನಾಗಿದ್ದ, ಹಾಗಾಗಿ ದೋಣಿಯ ವಿವರಗಳು ಗಟ್ಟಿ. ಇರ್ಫಾನ್ ಖಾನ್ ಕೊನೆಯಲ್ಲಿ ತಡೆದು ತಡೆದು ಮಾತಾಡುವ ರೀತಿ ಮರೆಯುವಂಥದ್ದಲ್ಲ. ಆದರೆ ಚಿತ್ರದಲ್ಲಿ ಕಡಲು ಬಹಳ ಸುಂದರ. ಕಡಲಿನ ಬೇಸರ, ಒಂದೇ ದಿನ ಇನ್ನೂರು ಸಲ ಬರುವುದು, ಪುಸ್ತಕದಲ್ಲಿ ಮಾತ್ರ ಇದೆ.

ಮಕ್ಕಳನ್ನು ಕರೆತರಬಹುದೇ?

ಎರಡನೇ ಭಾನುವಾರ ಖಂಡಿತ ತನ್ನಿ. ಅಂದು ಟೋಂಗಾ ದೇಶದ ಆರು ಹುಡುಗರ ನಿಜ ಸಂಗತಿ ಹೇಳುತ್ತೇವೆ. 1965ರಲ್ಲಿ ಶಾಲೆಯಿಂದ ತಪ್ಪಿಸಿಕೊಂಡು ದೋಣಿಯಲ್ಲಿ ಹೋದವರು ಅಟಾ ಎಂಬ ಪಾಳು ದ್ವೀಪ ಸೇರಿ ಹದಿನೈದು ತಿಂಗಳು ಇದ್ದರು. ಹಚ್ಚಿದ ಬೆಂಕಿಯನ್ನು ಆರಲು ಬಿಡಲಿಲ್ಲ, ಸರದಿ ಹಾಕಿಕೊಂಡು ಕೆಲಸ ಮಾಡಿದರು, ಜಗಳವಾದರೆ ಇಬ್ಬರೂ ಸ್ವಲ್ಪ ಹೊತ್ತು ದೂರ ಹೋಗಿ ಕೂತು ಬರಬೇಕು. ದಿನ ಶುರುವಾಗುತ್ತಿದ್ದುದೂ ಮುಗಿಯುತ್ತಿದ್ದುದೂ ಹಾಡು ಮತ್ತು ಪ್ರಾರ್ಥನೆಯಿಂದ. ಒಬ್ಬನ ಕಾಲು ಮುರಿದಾಗ ಉಳಿದವರು ಕಟ್ಟು ಹಾಕಿ, ಅವನ ಪಾಲಿನ ಕೆಲಸ ಹಂಚಿಕೊಂಡರು. 1966ರ ಸೆಪ್ಟೆಂಬರಿನಲ್ಲಿ ಹಡಗೊಂದು ಕಂಡು ಕರೆದೊಯ್ದಾಗ ಕಾಲು ನೆಟ್ಟಗೆ ಕೂಡಿತ್ತು. ದ್ವೀಪಕ್ಕೆ ಬಿಟ್ಟರೆ ಮಕ್ಕಳು ಮೃಗಗಳಾಗುತ್ತಾರೆ ಎಂಬ ಕಥೆಗೆ ಸಿಕ್ಕ ಪ್ರಚಾರ ಈ ಹುಡುಗರಿಗೆ ಸಿಗಲಿಲ್ಲವಲ್ಲ ಎಂದು ನನಗೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ದೇವರನ್ನು ನಂಬದವರಿಗೆ ಇಲ್ಲಿ ಜಾಗ ಇದೆಯೇ?

ಇದೆ. ನಮ್ಮಲ್ಲಿ ಅತ್ಯಂತ ಶ್ರದ್ಧೆಯಿಂದ ಓದಿ ಬರುವ ಇಬ್ಬರು ದೇವರನ್ನು ನಂಬುವವರಲ್ಲ. ನಾಗಿಯ ಪರವಾಗಿ ಮಾತಾಡುವವರು ಅವರೇ.

ನಿಮ್ಮ ಮಾವನ ಬೋಟಿನಲ್ಲಿದ್ದ ಆ ಕಲಾಸಿ ಹುಡುಗನಿಗೆ ನಿಜ ಗೊತ್ತಾಯಿತೇ?

ಕಳೆದ ಜುಲೈಯಲ್ಲಿ ಗೊತ್ತು ಮಾಡಿಸಿದೆ. ಅವರಿಗೀಗ ಅರವತ್ತರ ಹತ್ತಿರ, ತಾವೇ ತಾಂಡೇಲರಾಗಿ ದುಡಿದು ಈಗ ಮಗನ ಬೋಟು ನೋಡಿಕೊಳ್ಳುತ್ತಾರೆ. ಕೂಟದಲ್ಲಿ ಎಲ್ಲರೆದುರು ಹೇಳುವ ಮೊದಲು ಅವರೊಬ್ಬರಿಗೇ ಹೇಳಬೇಕು ಅನ್ನಿಸಿ, ಒಂದು ಗಂಟೆ ಮೊದಲೇ ಬರಲು ಕೇಳಿಕೊಂಡಿದ್ದೆ. ನಾನು ಹೇಳಿ ಮುಗಿಸುವವರೆಗೂ ಅವರು ಚಹಾದ ಲೋಟವನ್ನು ಕೆಳಗಿಡಲಿಲ್ಲ.

‘ನನಗೆ ಅವತ್ತೇ ಗೊತ್ತಿತ್ತು’ ಅಂದರು. ‘ಕ್ಯಾನು ತುಂಬಿರಲಿಲ್ಲ. ಎರಡು ಬೆರಳು ಕಡಿಮೆ ಇತ್ತು. ದೈವ ಕೊಟ್ಟಿದ್ದರೆ ಕಡಿಮೆ ಕೊಡುತ್ತದಾ?’

ಮತ್ತೆ ಯಾಕೆ ಬೊಬ್ಬರ್ಯನ ಹೆಸರು ಹೇಳಿದಿರಿ ಎಂದು ಕೇಳಿದೆ.

‘ಉಳಿದ ಐವರ ಮುಖ ನೀವು ನೋಡಿಲ್ಲ. ಹಾಗೆ ಹೇಳದಿದ್ದರೆ ನಿಮ್ಮ ಮಾವನನ್ನು ಅಲ್ಲೇ ಕಡಲಿಗೆ ಹಾಕುತ್ತಿದ್ದರು. ನಮ್ಮಲ್ಲಿ ದಿಕ್ಕು ಗೊತ್ತಿದ್ದದ್ದು ಅವರೊಬ್ಬರಿಗೇ.’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈ ವರ್ಷವೂ ಸೇವೆಗೆ ಊರಿಗೆ ಹೋಗುತ್ತೇನೆ. ಅಡಗಿಸಿದ್ದು ತಾಂಡೇಲರು. ಹೊರಗೆ ತೆಗೆಸಿದ್ದು ಬೊಬ್ಬರ್ಯನೇ’ ಅಂದರು. ಅಷ್ಟರಲ್ಲಿ ಉಳಿದವರು ಒಬ್ಬೊಬ್ಬರಾಗಿ ಬರತೊಡಗಿದ್ದರು. ಅವರು ಎದ್ದು ಕುರ್ಚಿಗಳನ್ನು ಸಾಲಾಗಿ ಹಾಕಲು ಕೈಜೋಡಿಸಿದರು.